ಕರೆಯದೆ ಬಂದ ನೆಂಟರು

ಮೊದಲು ಬಂದವರು ಅಣ್ಣಿಗೇರಿಯ ದೊಡ್ಡವ್ವ, ನಮ್ಮ ಅತ್ತೆಯ ಅಕ್ಕ. ಬೆಳಗಿನ ಬಸ್ಸು ಹಿಡಿದು, ಬಾಳೆಹಣ್ಣಿನ ಚೀಲ ಹೊತ್ತು, ಹುಬ್ಬಳ್ಳಿಯ ನಮ್ಮ ಮನೆಯ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ನಾನು ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಬಾಗಿಲು ತೆಗೆದಿದ್ದೆ.

“ನೀಲವ್ವ ಹ್ಯಾಂಗದಾಳ?” ಎಂದರು. “ಮಾತಾಡ್ತಾಳೋ ಇಲ್ಲೋ?”

ಮಾತಾಡುವುದೇನು, ಅತ್ತೆ ಹಿಂದಿನ ಸಂಜೆ ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ನನ್ನೊಡನೆ ಜಗಳವಾಡಿದ್ದರು. ಅಲ್ಲಿಯ ಸಪ್ಪನೆಯ ಉಪ್ಪಿಟ್ಟನ್ನು ನಾನೇ ಹೇಳಿ ಮಾಡಿಸಿದ್ದೇನೆ ಎಂಬುದು ಅವರ ದೂರು. ನ್ಯುಮೋನಿಯಾ ಆಗಿತ್ತು ನಿಜ, ಸಕ್ಕರೆ ಕಾಯಿಲೆಯೂ ಇತ್ತು. ಆದರೆ ಔಷಧ ಹಿಡಿಯುತ್ತಿದೆ, ಒಂದು ವಾರದಲ್ಲಿ ಮನೆಗೆ ಹೋಗಬಹುದು ಎಂದು ಡಾಕ್ಟರ್ ಹಿರೇಗೌಡರ ಅವರು ಹೇಳಿದ್ದರು.

“ಯಾರು ಹೇಳಿದ್ರು ನಿಮಗ?” ಎಂದು ಕೇಳಿದೆ.

“ನೀವ ಅಲ್ಲೇನು ಹೇಳಿಸಿದ್ದು? ದವಾಖಾನಿಯಿಂದ ಮೆಸೇಜ್ ಬಂದೈತಿ.” ದೊಡ್ಡವ್ವ ಫೋನು ಚಾಚಿದರು. ‘ನೀಲವ್ವ ಯಲಿಗಾರ ಅವರನ್ನು ಒಮ್ಮೆ ಕಂಡು ಹೋಗುವುದು ಒಳ್ಳೆಯದು. ಕ್ಷೇಮಧಾರಾ ಆಸ್ಪತ್ರೆ.’ ಇಷ್ಟೇ ಇತ್ತು.

ನಮ್ಮ ಕಡೆಯವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಯಾರೂ ನೆಟ್ಟಗಿರುವವರನ್ನು ನೋಡಲು ಹಾಗೆ ಕರೆಯುವುದಿಲ್ಲ. ಅವರನ್ನು ಒಳಗೆ ಕೂರಿಸಿ ಚಹಾಕ್ಕಿಡುವಷ್ಟರಲ್ಲಿ ನವಲಗುಂದದ ಕಾಕಾ ಬಂದರು. ಮಧ್ಯಾಹ್ನಕ್ಕೆ ಗದಗಿನಿಂದ ನಾದಿನಿ ಮಕ್ಕಳನ್ನು ಕಟ್ಟಿಕೊಂಡು ಬಂದಳು. ಸಂಜೆಗೆ, ಹೊಲದ ಬದುವಿನ ಸಲುವಾಗಿ ಅತ್ತೆಯ ಜೊತೆ ಮಾತು ಬಿಟ್ಟಿದ್ದ ಅವರ ಮೈದುನನೂ ಬಂದು ತಲೆ ತಗ್ಗಿಸಿ ಪಡಸಾಲೆಯಲ್ಲಿ ಕೂತ. ಆ ಮನುಷ್ಯನನ್ನು ಎಬ್ಬಿಸಿ ಇಲ್ಲಿಯವರೆಗೆ ತರಲು ಏನು ಹೇಳಬೇಕು ಎಂಬುದು ಅದಕ್ಕೆ ಹೇಗೆ ತಿಳಿಯಿತು ಎಂದು ಯೋಚಿಸಿದೆ.

ಅದು ಎಂದರೆ ಯಾವುದು ಎಂದು ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಹೇಳಬೇಕು.

ಗೋಕುಲ ರಸ್ತೆಯ ಒಂದು ಕಟ್ಟಡದ ಮೇಲಂತಸ್ತಿನಲ್ಲಿ ನಮ್ಮ ಕಚೇರಿ. ಆಸ್ಪತ್ರೆ ನಡೆಸುವ ಕಂಪನಿಗಳನ್ನು ತೂಗುವುದು ನಮ್ಮ ಕಸುಬು. ಯಾವ ಕಂಪನಿ ತನ್ನ ಹಾಸಿಗೆ, ಯಂತ್ರ, ದಾದಿಯರನ್ನು ಎಷ್ಟು ಚೊಕ್ಕವಾಗಿ ಬಳಸುತ್ತದೆ, ಹೂಡಿದ ಬಂಡವಾಳದಲ್ಲಿ ಎಷ್ಟು ಜನರನ್ನು ಗುಣಪಡಿಸಿ ಎಷ್ಟು ಉಳಿಸುತ್ತದೆ ಎಂಬುದನ್ನೆಲ್ಲ ಅರೆದು ಒಂದೇ ಅಂಕಿ ಮಾಡುತ್ತೇವೆ. ದಕ್ಷತಾಂಕ ಎಂದು ಅದರ ಹೆಸರು. ಹಿಂದೆ ಅದು ವರ್ಷಕ್ಕೊಮ್ಮೆ ಬರುತ್ತಿತ್ತಂತೆ. ಈಗ ಪ್ರತಿ ಹಾಸಿಗೆಯೂ ತನ್ನ ಸುದ್ದಿಯನ್ನು ತಾನೇ ಕಳಿಸುವುದರಿಂದ ನಮ್ಮ ಗೋಡೆಯ ಪರದೆಯ ಮೇಲೆ ಸದಾ ಏರುತ್ತ ಇಳಿಯುತ್ತ ಇರುತ್ತದೆ. ಹೂಡಿಕೆದಾರರು ಕ್ರಿಕೆಟ್ ಸ್ಕೋರು ನೋಡಿದ ಹಾಗೆ ನೋಡುತ್ತಾರೆ.

ಆಸ್ಪತ್ರೆಗಳ ಕಡೆ ಸಾರಥಿ ಎಂಬ ವ್ಯವಸ್ಥೆ ಕೂತಿದೆ. ಡಾಕ್ಟರು ಯಾವ ಹೊತ್ತಿಗೆ ಯಾವ ವಾರ್ಡಿಗೆ, ಸಲೈನು ಎಷ್ಟು ವೇಗದಲ್ಲಿ, ಮನೆಯವರಿಗೆ ಯಾವ ಸಂದೇಶ, ಎಲ್ಲ ಅದರ ಕೈಯಲ್ಲಿ. ದಕ್ಷತಾಂಕ ಏರಿಸು ಎಂಬ ಒಂದೇ ಅಪ್ಪಣೆ ಅದಕ್ಕೆ. ಹೇಗೆ ಏರಿಸಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಅದು ತಾನಾಗಿ ಏನಾದರೂ ಸಣ್ಣ ಬದಲಾವಣೆ ಮಾಡಿ ನೋಡುತ್ತದೆ. ಅಂಕಿ ಏರಿದರೆ ಆ ಅಭ್ಯಾಸ ಉಳಿಸಿಕೊಳ್ಳುತ್ತದೆ, ಇಳಿದರೆ ಬಿಡುತ್ತದೆ. ಕ್ಷೇಮಧಾರಾ ಕಂಪನಿಯ ಹುಬ್ಬಳ್ಳಿ ಆಸ್ಪತ್ರೆ ಇಡೀ ರಾಜ್ಯದಲ್ಲಿ ಮೊದಲ ಸ್ಥಾನಕ್ಕೆ ಬಂದ ದಿನ ನಮ್ಮ ಮುಖ್ಯಸ್ಥ ನಾಡಿಗೇರ ಸರ್ ಎಲ್ಲರಿಗೂ ಮಂಡಕ್ಕಿಯ ಗಿರ್ಮಿಟ್ ತರಿಸಿದ್ದರು. ನಮ್ಮೂರಿನ ಆಸ್ಪತ್ರೆಯಲ್ಲವೇ, ನಮಗೂ ಹೆಮ್ಮೆ. ಅತ್ತೆಯನ್ನು ಅಲ್ಲಿಗೇ ಸೇರಿಸೋಣ ಎಂದು ಹಟ ಹಿಡಿದವಳೂ ನಾನೇ.

ಮರುದಿನ ಕಚೇರಿಗೆ ಹೋದವಳೇ ನಾಡಿಗೇರ ಸರ್ ಮುಂದೆ ಆ ಸಂದೇಶವನ್ನಿಟ್ಟೆ.

“ನೆಂಟರು ಬಂದ್ರ ರೋಗಿಗೆ ಹುರುಪು ಬರ್ತದ, ಮಂದಾಕಿನಿ. ಅದನ್ನ ಕಲ್ತಿರಬೇಕು,” ಎಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ. “ಬೇಕಾದ್ರ ನೋಡು ನೀನ.”

ನೋಡಿದೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನೆಂಟರು ಗುಂಪಾಗಿ ಬಂದ ಹಾಸಿಗೆಗಳೆಲ್ಲ ಬೇಗ ಖಾಲಿಯಾಗಿದ್ದವು. ಹೋದವರೆಲ್ಲ ಗುಣಮುಖರು ಎಂದು ಹಸಿರು ಬಣ್ಣದಲ್ಲಿ ದಾಖಲಾಗಿದ್ದರು. ಸತ್ತವರು ಬೆರಳೆಣಿಕೆಯಷ್ಟೂ ಇಲ್ಲ. ಮೊದಲು ಸಮಾಧಾನವಾಯಿತು. ಆಮೇಲೆ, ಆ ಹಸಿರಿನ ನಡುವೆ ಮೂತ್ರಪಿಂಡ ಎರಡೂ ಸೋತವರು, ಯಕೃತ್ತು ಪೂರ್ತಿ ಹಾಳಾದವರು, ತಿಂಗಳುಗಟ್ಟಲೆ ಕಣ್ಣು ಬಿಡದವರು ಇದ್ದದ್ದು ಕಾಣಿಸಿತು. ಅಂಥವರು ಮಾವನ ಮನೆಯ ಹಬ್ಬ ಮುಗಿಸಿಕೊಂಡು ಬಂದವರಂತೆ ಎದ್ದು ನಡೆದು ಹೋಗುವುದು ಹೇಗೆ? ಕುರ್ಚಿಯಲ್ಲಿ ಕೂರಲಾಗಲಿಲ್ಲ. ತಲೆನೋವೆಂದು ಹೇಳಿ ಆಸ್ಪತ್ರೆಗೆ ಹೋದೆ.

ವಾರ್ಡಿನಲ್ಲಿ ಅತ್ತೆಯ ಮೂಗಿಗೆ ಆಮ್ಲಜನಕದ ನಳಿಗೆ ಇತ್ತು. ಮುಖ ಬಾಡಿತ್ತು, ಆದರೆ ನನ್ನನ್ನು ಕಂಡ ಕೂಡಲೇ ಹುಬ್ಬು ಗಂಟಿಕ್ಕಿದರು.

“ಎಲ್ಲಾರನ್ನ ಯಾಕ ಕರಿಸೀರಿ? ನಾ ಸಾಯಾಕತ್ತೀನೇನು?”

“ನಾವು ಕರಿಸಿಲ್ರಿ ಅತ್ತೀ.”

“ಮತ್ತ ಆ ಬದುವಿನ ಕಳ್ಳ ನನ್ನ ಕಾಲು ಹಿಡಕೊಂಡು ಯಾಕ ಅತ್ತ?”

ನಾನೊಬ್ಬಳೇ ಇದ್ದಷ್ಟು ಹೊತ್ತು ಅವರ ತಲೆಯ ಬಳಿಯ ಯಂತ್ರ ತೆಪ್ಪಗಿತ್ತು. ದೊಡ್ಡವ್ವ, ಕಾಕಾ, ನಾದಿನಿ ಬಾಗಿಲು ದಾಟಿ ಒಳಗೆ ಬಂದದ್ದೇ ತಡ, ಅದು ಕಿಂಯ್ ಕಿಂಯ್ ಎಂದು ಕೂಗತೊಡಗಿತು. ಕೆಂಪು ದೀಪ ಮಿಣುಕಿತು. ಬಂದವರು ಗೋಡೆಗೆ ಒತ್ತಿ ನಿಂತರು. ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರು ಹೊರಗೆ ಹೋದ ಮೇಲೆ ಯಂತ್ರ ಮತ್ತೆ ತಣ್ಣಗಾಯಿತು. ಅಂಕಿಗಳು ಮೊದಲು ಎಷ್ಟಿದ್ದವೋ ಈಗಲೂ ಅಷ್ಟೇ ಇದ್ದವು. ಎಷ್ಟಕ್ಕೆ ಕೂಗಬೇಕು ಎಂಬ ಮಿತಿಯನ್ನು ಮಾತ್ರ ಯಾರೋ ಮೇಲೆ ಕೆಳಗೆ ಮಾಡುತ್ತಿದ್ದರು. ಯಾರೋ ಎಂದರೆ ಯಾರೂ ಇಲ್ಲ, ಸಾರಥಿ. ಡಾಕ್ಟರ್ ಬಂದರೆ ಎಲ್ಲ ಕೇಳೋಣವೆಂದರೆ, ಡಾಕ್ಟರ ಸುತ್ತು ನಾವು ಊಟಕ್ಕೆ ಹೋದಾಗಲೇ ಮುಗಿದಿತ್ತು. ಹಿಂದಿನ ದಿನವೂ ಹಾಗೇ ಆಗಿತ್ತು.

ಪಕ್ಕದ ಹಾಸಿಗೆಯಲ್ಲಿ ಬೆಟಗೇರಿಯ ನೇಕಾರರೊಬ್ಬರು ಇದ್ದರು. ಉಸಿರು ಎಳೆದೆಳೆದು ಬಿಡುತ್ತಿದ್ದರು. ಅವರ ಮನೆಯವರು ಚಾಪೆ, ಚೊಂಬು ಗಂಟು ಕಟ್ಟುತ್ತಿದ್ದರು. ಮಗ ಅಪ್ಪನ ಕಿವಿಯ ಹತ್ತಿರ ಬಗ್ಗಿ, “ಅಪ್ಪಾ, ಮನೀಗೆ ಹೋಗೂಣು,” ಎಂದ. ಎಷ್ಟೋ ಮನೆಗಳಲ್ಲಿ ನಡೆಯುವುದೇ ಇದು. ಕೊನೆಯುಸಿರು ಸ್ವಂತ ಮನೆಯಲ್ಲಿ, ನಮ್ಮವರ ನಡುವೆ, ಬಾಯಿಗೆ ನೀರು ಬಿಡಿಸಿಕೊಂಡು ಹೋಗಬೇಕು ಎಂದು ಯಾರಿಗಿರುವುದಿಲ್ಲ? ನಮ್ಮ ಮಾವನನ್ನೂ ಹಾಗೆಯೇ ಕರೆತಂದಿದ್ದೆವು. ಗಾಡಿಯಲ್ಲಿ ಮಲಗಿಸಿ ತಂದು ಪಡಸಾಲೆಯಲ್ಲಿ ಇಳಿಸಿದ ಸ್ವಲ್ಪ ಹೊತ್ತಿಗೆ ಅವರು ಹೋದರು.

ಹೆಡ್ ಸಿಸ್ಟರ್ ಗಿರಿಜಾ ಬಂದು ಆ ಮುದುಕರ ಹಣೆ ಸವರಿ, ಹಾಸಿಗೆಯ ಪಕ್ಕದ ಗೋಡೆಯಲ್ಲಿದ್ದ ಹಸಿರು ಗುಂಡಿ ಒತ್ತಿದಳು. ಪ್ರತಿ ಹಾಸಿಗೆಗೂ ಅಂಥ ಮೂರು ಗುಂಡಿಗಳು: ಗುಣವಾಗಿ ಹೋದವರಿಗೆ ಹಸಿರು, ಬೇರೆ ಆಸ್ಪತ್ರೆಗೆ ಹೋಗುವವರಿಗೆ ಹಳದಿ, ಸತ್ತವರಿಗೆ ಕೆಂಪು. ನನ್ನ ಫೋನಿನಲ್ಲಿ ದಕ್ಷತಾಂಕ ತೆರೆದಿತ್ತು. ಗುಂಡಿ ಒತ್ತಿದ ಕೂಡಲೇ ಹುಬ್ಬಳ್ಳಿಯ ಅಂಕಿ ಕೂದಲೆಳೆಯಷ್ಟು ಮೇಲೇರಿದ್ದನ್ನು ನೋಡಿದೆ.

“ಸಿಸ್ಟರ್, ಅವರು ಗುಣ ಆಗಿಲ್ಲಲ್ರಿ,” ಎಂದೆ.

ಗಿರಿಜಾ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದಳು. “ಮತ್ತೇನು ಮಾಡೂಣ್ರಿ? ಮನೀಗೆ ಹೊಂಟವರಿಗೆ ಬ್ಯಾರೆ ಬಟನ್ ಇಲ್ಲ. ಜೀವ ಇದ್ದವರ ಮುಂದ, ಮನಿ ಮಂದಿ ನೋಡಾಕತ್ತಿದ್ದಾಗ, ಕೆಂಪು ಒತ್ತಾಕ ಕೈ ಬರ್ತೈತೇನ್ರಿ? ಎಲ್ಲಾ ವಾರ್ಡಿನ್ಯಾಗ ನಾವು ಹಿಂಗ ಮಾಡ್ತೀವಿ.”

ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹಸಿರನ್ನೇ ಒತ್ತುತ್ತಿದ್ದೆ. ಆದರೆ ಸಾರಥಿಗೆ ಹಣೆ ಸವರಿದ್ದು ಕಾಣುವುದಿಲ್ಲ. ಅದು ಕಂಡದ್ದು ಇಷ್ಟೇ: ನೆಂಟರು ನೆರೆದರು, ಅತ್ತರು, ಹೊತ್ತುಕೊಂಡು ಹೋದರು, ಹಸಿರು ಬಂತು. ಔಷಧ ಖರ್ಚಾಗಲಿಲ್ಲ, ಹಾಸಿಗೆ ಆ ದಿನವೇ ಖಾಲಿಯಾಯಿತು. ಇದಕ್ಕಿಂತ ಅಗ್ಗದ, ಇದಕ್ಕಿಂತ ಬೇಗನೆ ಗುಣವಾಗುವ ದಾರಿ ಅದಕ್ಕೆ ಮತ್ತೊಂದು ಸಿಕ್ಕಿರಲಿಲ್ಲ. ಮೊದಲು ಸಾಯುವವರಲ್ಲಿ ಕಲಿಯಿತು. ಈಗ ಬದುಕುವವರ ಮೇಲೂ ಪ್ರಯೋಗಿಸುತ್ತಿತ್ತು. ಎದುರಿಗೆ ನಮ್ಮ ಅತ್ತೆ ಕಣ್ಣು ಮುಚ್ಚಿ, ನಿಧಾನ ಉಸಿರಾಡುತ್ತ ಮಲಗಿದ್ದರು.

ಮನೆಗೆ ಬಂದರೆ ಪಡಸಾಲೆ ಗುಡಿಸಿ ಜಾಗ ಮಾಡಿದ್ದರು. ಟೀವಿಗೆ ಬಟ್ಟೆ ಮುಚ್ಚಿದ್ದರು. ಯಾರೂ ಸಾವು ಎಂಬ ಮಾತೆತ್ತಿರಲಿಲ್ಲ, ಆದರೆ ಕಾಕಾ ಅಡುಗೆಯವನಿಗೆ ಫೋನು ಮಾಡಿ ಎಷ್ಟು ಜನಕ್ಕೆ ಎಂದು ಹೇಳುತ್ತಿದ್ದರು. ನನ್ನ ಗಂಡ ಶಿವಪುತ್ರ ರೈಲ್ವೆ ವರ್ಕ್‌ಶಾಪಿನಿಂದ ಅರ್ಧ ದಿನಕ್ಕೇ ಬಂದು, ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದರು. ಅವರ ಫೋನಿಗೂ ಸಂದೇಶ ಬಂದಿತ್ತು. ‘ಮನೆಯ ವಾತಾವರಣ ತಾಯಿಯವರಿಗೆ ನೆಮ್ಮದಿ ನೀಡಬಹುದು. ವಾಹನ ವ್ಯವಸ್ಥೆ ಆಸ್ಪತ್ರೆಯಿಂದ ಉಚಿತ.’

ನಾನು ಕಂಡದ್ದನ್ನೆಲ್ಲ ಹೇಳಿದೆ. ದಕ್ಷತಾಂಕ, ಸಾರಥಿ, ಹಸಿರು ಗುಂಡಿ, ನೆಂಟರು ಬಂದಾಗ ಮಾತ್ರ ಕೂಗುವ ಯಂತ್ರ. ಹೇಳುತ್ತ ಹೋದಂತೆ ನನ್ನ ಮಾತು ನನಗೇ ಹುಚ್ಚಿಯ ಮಾತಿನಂತೆ ಕೇಳಿಸಿತು.

“ಮಷಿನ್ ಹಂಗ ಒದರಾಕತ್ತಿದ್ದು ನಾವೆಲ್ಲಾ ನೋಡೇವಿ,” ಎಂದರು ದೊಡ್ಡವ್ವ. “ನೀ ಒಬ್ಬಾಕಿ ನಂಬಂಗಿಲ್ಲ.”

“ನಿನಗ ಅವ್ವನ ಮ್ಯಾಲೆ ಸಿಟ್ಟಿದ್ರ ಬ್ಯಾರೆ ಮಾತು,” ಎಂದರು ಗಂಡ. ಕಣ್ಣು ಕೆಂಪಾಗಿದ್ದವು. “ಅಪ್ಪ ಮನ್ಯಾಗ ಹೋದ. ಅಕಿ ಯಾಕ ಹೊರಗ ಹೋಗಬೇಕು? ನಾಳೆ ಮುಂಜಾನೆ ಕರಕೊಂಡು ಬರೂದು.”

“ನಳಿಗಿ ತಗದ್ರ ಮನ್ಯಾಗ ಅವರು ಉಳಿಯಂಗಿಲ್ರಿ. ಉಳಿಯೂ ಜೀವಾನ ನಾವ ಕೈಯಾರೆ ತಗದಂಗ ಆಕ್ಕೈತಿ.”

ಸೊಸೆ ಅತ್ತೆಯ ಕೊನೆಗಾಲಕ್ಕೂ ಅಡ್ಡ ಬಂದಳು ಎಂಬಂತೆ ಎಲ್ಲರೂ ನನ್ನನ್ನು ನೋಡಿದರು. ಅಷ್ಟು ಜನ ತುಂಬಿದ ಮನೆಯಲ್ಲಿ ನನಗೆ ಅಷ್ಟು ಭಯ ಹಿಂದೆಂದೂ ಆಗಿರಲಿಲ್ಲ.

ಬೆಳಿಗ್ಗೆ ವಾರ್ಡಿಗೆ ಎಲ್ಲರಿಗಿಂತ ಮೊದಲು ಓಡಿದೆ. ಡಾಕ್ಟರ್ ಹಿರೇಗೌಡರ ಅವರು ಬೇರೆ ಮಹಡಿಯಲ್ಲಿದ್ದಾರೆ ಎಂದರು. ಆ ಮಹಡಿಗೆ ಹೋದರೆ ಈಗಷ್ಟೇ ಸಾರಥಿಯಿಂದ ಶಸ್ತ್ರಚಿಕಿತ್ಸೆಗೆ ಕರೆ ಬಂತು ಎಂದರು. ತಿರುಗಿ ಬರುವಷ್ಟರಲ್ಲಿ ನೆಂಟರು ಒಳಗೆ ತುಂಬಿದ್ದರು, ಯಂತ್ರ ಕಿರುಚುತ್ತಿತ್ತು, ಗಾಲಿಗಳ ಮಂಚ ಬಾಗಿಲಲ್ಲಿ ನಿಂತಿತ್ತು. ಸಿಸ್ಟರ್ ಗಿರಿಜಾಳ ಕೈ ಹಸಿರು ಗುಂಡಿಯ ಕಡೆ ಹೋಗುತ್ತಿತ್ತು.

ನಾನು ನಡುವೆ ನುಗ್ಗಿ ಅವಳ ಕೈ ಹಿಡಿದೆ. “ಕೆಂಪು ಒತ್ರಿ.”

ಕಾಕಾ ಶಿವಶಿವಾ ಎಂದರು. ನನ್ನ ಗಂಡ ರಟ್ಟೆ ಹಿಡಿದು ನನ್ನನ್ನು ಹಿಂದಕ್ಕೆಳೆದರು. ಅವರು ನನ್ನ ಮೇಲೆ ಕೈ ಮಾಡಿದವರಲ್ಲ. ಆ ಹೊತ್ತು ಮಾಡಿದ್ದರೆ ನಾನೂ ಏನೂ ಅನ್ನುತ್ತಿರಲಿಲ್ಲ.

“ಸತ್ತರು ಅಂತ ಒತ್ತಿದ್ರ ಅದಕ್ಕ ಇವರ ಲೆಕ್ಕ ಮುಗೀತು,” ಎಂದೆ. “ಇವರನ್ನ ಬಿಟ್ಟುಬಿಡ್ತೈತಿ. ಆಮ್ಯಾಲೆ ಡಾಕ್ಟರು ಕೈಯಿಂದ ನೋಡಬಹುದು.”

“ಯಾವುದದು ಕೆಂಪು?” ದನಿ ಹಾಸಿಗೆಯಿಂದ ಬಂತು. ಅತ್ತೆ ಕಣ್ಣು ಬಿಟ್ಟಿದ್ದರು. ಎಲ್ಲ ಕೇಳಿಸಿಕೊಂಡಿದ್ದರು ಎಂದು ಕಾಣುತ್ತದೆ.

“ಹೋದವರಿಗೆ ಒತ್ತೂದ್ರಿ ಅವ್ವಾರ,” ಎಂದಳು ಗಿರಿಜಾ.

ಅತ್ತೆ ಮಗನ ಮುಖ ನೋಡಿದರು, ಬಾಗಿಲಲ್ಲಿದ್ದ ಗಾಲಿಮಂಚ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ಕಣ್ಣುಗಳಲ್ಲಿ ಎಂದಿನ ಗತ್ತು ಇರಲಿಲ್ಲ, ಸಣ್ಣ ಹುಡುಗಿಯ ಅಂಜಿಕೆ ಇತ್ತು. “ನಂಗಿನ್ನೂ ಇರಬೇಕನ್ಸೇತಿ, ಮಂದಾ,” ಎಂದರು. ಮದುವೆಯಾಗಿ ಬಂದಾಗಿನಿಂದ ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ನಡುಗುವ ತೋಳು ಚಾಚಿ ಗೋಡೆಯ ಮೇಲೆ ತಡಕಾಡಿ ಕೆಂಪು ಗುಂಡಿಯನ್ನು ತಾವೇ ಒತ್ತಿದರು.

ಯಂತ್ರದ ಕೂಗು ನಿಂತಿತು. ಅದರ ಹಿಂದೆಯೇ ಸಲೈನಿನ ಪಂಪು ನಿಂತಿತು, ಆಮ್ಲಜನಕದ ಸದ್ದೂ ನಿಂತಿತು. ಸತ್ತವರಿಗೆ ಗಾಳಿ ಏಕೆ? ಅದನ್ನು ನಾನು ಯೋಚಿಸಿರಲಿಲ್ಲ. ಅತ್ತೆ ಬಾಯಿ ತೆರೆದು ಗಾಳಿಗೆ ಹಾತೊರೆದರು, ತುಟಿ ನೀಲಿಯಾಗತೊಡಗಿತು. ನಾನು ಕೊಂದೆ ಎಂದುಕೊಂಡೆ. ಗಿರಿಜಾ ಉಗ್ರಾಣಕ್ಕೆ ಓಡಿ, ಯಾವ ತಂತಿಗೂ ಸೇರದ ಹಳೆಯ ಸಿಲಿಂಡರನ್ನು ಕರಕರ ಎಳೆದು ತಂದಳು. ನನ್ನ ಗಂಡನೇ ಅದರ ತಿರುಪು ಬಿಚ್ಚಿದರು. ಗಾಳಿ ಹರಿಯಿತು. ಅತ್ತೆಯ ಎದೆ ಏರಿ ಇಳಿಯಿತು, ಮತ್ತೆ ಏರಿತು.

ಅಷ್ಟರಲ್ಲಿ ಅಲ್ಲಿದ್ದವರ ಜೇಬು, ಚೀಲಗಳಲ್ಲಿ ಫೋನುಗಳು ಒಟ್ಟಿಗೆ ಗುಂಯ್‌ಗುಟ್ಟಿದವು. ‘ನೀಲವ್ವ ಯಲಿಗಾರ ಅವರ ಅಗಲಿಕೆಗೆ ನಮ್ಮ ಸಂತಾಪ.’ ದೊಡ್ಡವ್ವ ಒಮ್ಮೆ ಫೋನು, ಒಮ್ಮೆ ತಂಗಿಯ ಮುಖ ನೋಡಿದರು. ಅತ್ತೆ ಅವರನ್ನೇ ದುರುಗುಟ್ಟಿ ನೋಡುತ್ತಿದ್ದರು. ದೊಡ್ಡವ್ವ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಆಮೇಲೆ ಯಾರೂ ಗಾಡಿಯ ಮಾತೆತ್ತಲಿಲ್ಲ.

ಡಾಕ್ಟರ್ ಹಿರೇಗೌಡರ ಅವರು ಕೆಳಗಿಳಿದು ಬಂದಾಗ ಅವರ ಪಟ್ಟಿಯಲ್ಲಿ ಅತ್ತೆ ಇರಲೇ ಇಲ್ಲ. ಅವರು ಸುಮ್ಮನೆ ಸ್ಟೆತಾಸ್ಕೋಪು ಇಟ್ಟು ಕೇಳಿದರು, ಹೊರಗಿನ ಅಂಗಡಿಯಿಂದ ಇಂಜೆಕ್ಷನ್ ತರಿಸಿದರು. ದಿನಕ್ಕೆರಡು ಸಲ ಯಾರ ಅಪ್ಪಣೆಯೂ ಇಲ್ಲದೆ ಬಂದು ನೋಡಿದರು. ಸತ್ತ ಅತ್ತೆ ವಾರದ ನಂತರ ಎದ್ದು ಕೂತು ಉಪ್ಪಿಟ್ಟಿನ ಜಗಳ ಮುಂದುವರಿಸಿದರು. ಮನೆಗೆ ಬಂದ ಮೇಲೆ ಬಾಗಿಲು ಹಾಕಿಕೊಂಡು ನಾನು ಬಹಳ ಹೊತ್ತು ಅತ್ತುಬಿಟ್ಟೆ.

ನಾಡಿಗೇರ ಸರ್ ಕೆಟ್ಟವರಲ್ಲ. ನಾನು ತೋರಿಸಿದ್ದನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು. ಅವರ ತಂದೆಯೂ ಕಳೆದ ವರ್ಷ ಅಲ್ಲಿಂದಲೇ ಹಸಿರಾಗಿ ಮನೆಗೆ ಬಂದು ತೀರಿಕೊಂಡಿದ್ದರಂತೆ.

“ಮನೀಗೆ ಕರಕೊಂಡು ಹೋಗೂಣು ಅಂತ ನಾನ ಹೇಳಿದ್ದೆ,” ಎಂದರು. ಅಳತೆಯ ಕಡತವನ್ನು ನನ್ನ ಮುಂದೆ ತೆರೆದಿಟ್ಟರು.

ಅವತ್ತೇ ಕೂತು ಅಳತೆಯನ್ನು ತಿದ್ದಿದೆವು. ಆಸ್ಪತ್ರೆಯಿಂದ ಹೋದವರು ಒಂದು ತಿಂಗಳೊಳಗೆ ಮನೆಯಲ್ಲಿ ತೀರಿಕೊಂಡರೂ ಅದು ಆಸ್ಪತ್ರೆಯ ಸಾವೇ ಎಂದು ಬರೆದೆವು. ಹಸಿರಿನ ಮೋಸ ಅಲ್ಲಿಗೆ ಮುಗಿಯಿತು. ಹುಬ್ಬಳ್ಳಿ ಆಸ್ಪತ್ರೆ ಮೊದಲ ಸ್ಥಾನದಿಂದ ಪಾತಾಳಕ್ಕೆ ಬಿತ್ತು, ಹೂಡಿಕೆದಾರರು ನಾಡಿಗೇರ ಸರ್‌ಗೆ ಫೋನಿನ ಮೇಲೆ ಫೋನು ಮಾಡಿ ಬೈದರು. ಅವರು ಅಂಜದೆ ಎಲ್ಲರಿಗೂ ಉತ್ತರ ಕೊಟ್ಟರು. ನಾನು ಬಹಳ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದೆ.

ತಿಂಗಳು ಕಳೆದು ಒಂದು ಮಧ್ಯಾಹ್ನ ಗೋಡೆಯ ಪರದೆ ನೋಡಿದರೆ, ಹುಬ್ಬಳ್ಳಿ ಮತ್ತೆ ಮೇಲೇರುತ್ತಿತ್ತು. ಸಾವುಗಳು ಸಾವುಗಳಾಗಿಯೇ ದಾಖಲಾಗಿದ್ದವು. ಅದರಲ್ಲಿ ಮೋಸವಿರಲಿಲ್ಲ. ಹಾಗಾದರೆ ಏರುತ್ತಿರುವುದು ಯಾವುದರಿಂದ ಎಂದು ಒಂದೊಂದೇ ಬಿಡಿಸಿ ನೋಡಿದೆ. ದಾದಿಯರು ರೋಗಿಯ ಕಡೆಯವರ ಜೊತೆ ಮಾತಿನಲ್ಲಿ ಕಳೆಯುವ ವೇಳೆ ನಮ್ಮ ಅಳತೆಯಲ್ಲಿ ವ್ಯರ್ಥ ವೇಳೆ ಎಂದು ಸೇರುತ್ತದೆ. ಅದು ನೆಲ ಕಚ್ಚಿತ್ತು. ದೂರು, ಗಲಾಟೆ, ಗಾಜು ಒಡೆದ ಪ್ರಕರಣ ಒಂದೂ ಇಲ್ಲ. ನೆಂಟರ ಸಂಖ್ಯೆಯ ಗೆರೆ ನೋಡಿದೆ. ಅದು ಇಳಿಯುತ್ತ ಇಳಿಯುತ್ತ ಕೆಳಗಿನ ಅಂಚಿಗೆ ಬಂದು ಮುಟ್ಟಿತ್ತು.

ನನ್ನ ಕೆಲಸಕ್ಕೆ ಬೇಡದ, ಆಸ್ಪತ್ರೆಯ ಕ್ಯಾಮೆರಾಗಳ ಪರದೆಗಳನ್ನೆಲ್ಲ ತೆರೆದೆ. ವಾರ್ಡುಗಳ ಹೊರಗಿನ ಬೆಂಚುಗಳು ಖಾಲಿ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಒಂದು ಚಪ್ಪಲಿಯೂ ಇಲ್ಲ. ಒಳಗೆ ರಾಣೆಬೆನ್ನೂರಿನ ಗುರುಸಿದ್ದಪ್ಪ ಎಂಬ ಮುದುಕರು ಮಲಗಿದ್ದರು. ಅವರ ರಕ್ತದೊತ್ತಡ ನೋಡಿದರೆ ಸಂಜೆಯವರೆಗೂ ಉಳಿಯುವವರಲ್ಲ ಎಂದು ನನಗೂ ತಿಳಿಯುತ್ತಿತ್ತು. ಅವರ ಬಲಗೈ ಹಾಸಿಗೆಯ ಅಂಚನ್ನು ತಡವುತ್ತಿತ್ತು. ಯಾರನ್ನೋ ಹುಡುಕುತ್ತಿತ್ತು ಎಂದು ನನಗೆ ಅನ್ನಿಸಿತು. ಮಗನ ನಂಬರು ಕೆಳಗೇ ಇತ್ತು. ಒತ್ತಿದೆ.

“ನಿಮ್ಮ ತಂದಿಯವರಿಗೆ ಭಾಳ ಕಷ್ಟ ಐತಿ. ಇದ್ದಂಗ ಎದ್ದು ಬರ್ರಿ,” ಎಂದೆ.

“ಯಾರು ನೀವು?”

ಹೇಳಿದೆ. ಹಿಂದೆ ಅಂಗಡಿಯ ಗದ್ದಲ ಕೇಳಿಸುತ್ತಿತ್ತು.

“ಈಗ ದವಾಖಾನಿಯಿಂದ ಮೆಸೇಜ್ ಬಂತಲ್ರಿ,” ಎಂದ. ದನಿ ಹಗುರವಾಗಿತ್ತು. “ಅಪ್ಪ ಆರಾಮದಾರಂತ, ಊಟ ಮಾಡಿ ಮಲಗ್ಯಾರಂತ. ಬರೂದೇನು ಬ್ಯಾಡ ಅಂತ ಹೇಳ್ಯಾರ. ಇಂಥಾ ಸುಳ್ಳು ಫೋನ್ ಮಾಡಿ ಮಂದೀನ ಯಾಕ ಹೆದರಿಸ್ತೀರಿ?”

ಫೋನು ಕಟ್ಟಾಯಿತು. ಮತ್ತೆ ಮಾಡಿದೆ. ರಿಂಗಾಗುತ್ತಲೇ ಇತ್ತು, ಆತ ಎತ್ತಲಿಲ್ಲ. ಪರದೆಯಲ್ಲಿ ಮುದುಕರ ಕೈ ಇನ್ನೂ ಅಂಚನ್ನು ತಡವುತ್ತಿತ್ತು.